ಮುಖ ನನ್ನದೇ

ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವವನ ಮನೆಗೆ ಹೋಗಬೇಕಾದರೆ ಮೆಟ್ಟಿಲನ್ನೇ ಹತ್ತಬೇಕಿತ್ತು. ನಾಲ್ಕನೇ ಮಹಡಿ. ಕಟ್ಟಡದಲ್ಲಿ ಲಿಫ್ಟಿನ ಗೂಡು ಇತ್ತು, ಲಿಫ್ಟು ಇರಲಿಲ್ಲ. ಆ ಗೂಡಿನಲ್ಲಿ ಕೆಳಗಿನ ಮನೆಯವರು ಸೈಕಲ್ಲು, ಖಾಲಿ ಸಿಲಿಂಡರು ಇಟ್ಟುಕೊಂಡಿದ್ದರು. ಈ ವಿಷಯದಲ್ಲಿ ನೆಂಟರು ಮಾಡಬಹುದಾದ ತಮಾಷೆಯನ್ನೆಲ್ಲ ಅವನು ಮದುವೆಯಾದ ಹೊಸದರಲ್ಲೇ ಕೇಳಿ ಮುಗಿಸಿದ್ದ.

ತಮಾಷೆ ನಿಂತದ್ದು ಅವನ ತಾಯಿಯ ಮಂಡಿ ಹಾಳಾದ ಮೇಲೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಸಂಜೆ ಕೆಳಗಿಳಿದು ಅಂಗಡಿ ಬೀದಿ ಸುತ್ತಿ, ಯಾರ ಮನೆಯಲ್ಲಿ ಏನಾಯಿತು ಎಂದು ತಿಳಿದು ಬರದಿದ್ದರೆ ಊಟ ಸೇರದ ಹೆಂಗಸು. ಆಪರೇಷನ್ ಆದಮೇಲೆ ಬಾಲ್ಕನಿಯೇ ಅವರ ಬೀದಿಯಾಯಿತು. ಅಲ್ಲಿಂದ ಕಾಣುವುದು ಎದುರು ಕಟ್ಟಡದ ನೀರಿನ ಟ್ಯಾಂಕು. ಆ ಟ್ಯಾಂಕು ತುಂಬಿ ಹರಿಯುವುದನ್ನು ನೋಡಿಕೊಂಡೇ ತಾನು ಸಾಯಬೇಕು ಎಂದು ಅವರು ದಿನಕ್ಕೊಮ್ಮೆಯಾದರೂ ಊಟದ ಹೊತ್ತಿನಲ್ಲಿ ಅನ್ನುತ್ತಿದ್ದರು. ಮಗ ತಟ್ಟೆಯಿಂದ ತಲೆ ಎತ್ತದೆ, ಮನೆ ಹುಡುಕುತ್ತಿದ್ದೇವಲ್ಲ ಎನ್ನುತ್ತಿದ್ದ.

ಹುಡುಕುತ್ತಿದ್ದವಳು ಸೊಸೆ. ಅವಳು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಬಂದವರ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ, ಗೊತ್ತೇ ಆಗದ ಹಾಗೆ ಸೂಜಿ ಹಾಕುವುದರಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು. ಸೂಜಿ ಎಂದರೆ ಬೆವರುವ ಗಂಡಸರು ಅವಳ ಪಾಳಿ ಯಾವಾಗ ಎಂದು ಕೇಳಿಕೊಂಡು ಬರುತ್ತಿದ್ದರು. ಮಧ್ಯಾಹ್ನ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅವಳು ಬಾಡಿಗೆ ಮನೆಗಳ ವೆಬ್‌ಸೈಟು ನೋಡುತ್ತಿದ್ದಳು.

ಹಾಗೆ ಸಿಕ್ಕಿತ್ತು ಆ ಮನೆ. ನೆಲಮಹಡಿ, ಎರಡು ಕೋಣೆ, ಮುಂದೆ ಒಂದಿಷ್ಟು ಅಂಗಳ, ಹಳದಿ ಗೇಟು. ಬಾಡಿಗೆಯೂ ಕೈಗೆಟಕುವಂತಿತ್ತು. ಫೋಟೋಗಳನ್ನು ಮನೆಗೆ ತಂದು ತೋರಿಸಿದಾಗ ಅತ್ತೆ ಬಚ್ಚಲುಮನೆಯ ಚಿತ್ರವನ್ನು ದೊಡ್ಡದು ಮಾಡಿ, ಹೊಸ್ತಿಲು ಎಷ್ಟು ಎತ್ತರ ಎಂದು ನೋಡಿದರು. ಆಮೇಲೆ ಇನ್ನೊಂದು ತುತ್ತು ಅನ್ನ ಹಾಕಿಸಿಕೊಂಡರು. ಅದು ಅವರ ಒಪ್ಪಿಗೆ.

ಮಾಲೀಕನಿಗೆ ಮೆಸೇಜು ಹೋಯಿತು. ತಾನು ಕೆಲಸದ ಮೇಲೆ ಪರವೂರಿನಲ್ಲಿದ್ದೇನೆ, ಬೀಗದ ಕೈ ಬಡಾವಣೆಯ ಕಾವಲಿನವರ ಹತ್ತಿರ ಇದೆ, ಅವರು ಗುರುತು ನೋಡದೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಅವನು ಬರೆದ. ಜೊತೆಗೆ ಒಂದು ಲಿಂಕು. ಒತ್ತಿದರೆ ಬೀಗದ ಚಿತ್ರವಿರುವ ಚೊಕ್ಕಟ ಪುಟ ತೆರೆಯಿತು. ಗುರುತಿನ ಚೀಟಿಯ ಮುಂದಿನ ಬದಿ, ಹಿಂದಿನ ಬದಿ, ಕೊನೆಗೆ ಚೀಟಿಯನ್ನು ಮುಖದ ಪಕ್ಕ ಹಿಡಿದು ತೆಗೆದ ಫೋಟೋ ಹಾಕಿ ಎಂದು ಅದು ಕೇಳುತ್ತಿತ್ತು.

ಸೊಸೆ ಸ್ವಲ್ಪ ಹಿಂಜರಿದಳು. ಇನ್ನೊಂದು ಕುಟುಂಬ ಸಂಜೆಗೇ ಮನೆ ನೋಡಲು ಬರುತ್ತಿದೆ ಎಂದು ಅವನಿಂದ ಮತ್ತೊಂದು ಮೆಸೇಜು ಬಂತು. ಅವಳು ಕೈಗವಸು ಕಳಚಿ, ಲ್ಯಾಬಿನ ಹಿಂದಿನ ಕಿಟಕಿಯ ಬೆಳಕಿಗೆ ನಿಂತು ಫೋಟೋ ತೆಗೆದುಕೊಂಡಳು. ಮನೆ ಕೊಡುವವನಿಗೆ ಒಳ್ಳೆಯವಳಂತೆ ಕಾಣಲಿ ಎಂದು ಒಂದಿಷ್ಟು ನಕ್ಕಳು ಕೂಡ.

ಫೋಟೋ ಹೋದ ಮೇಲೆ, ಮನೆ ತೋರಿಸುವ ಮೊದಲು ಮುಂಗಡ ಹಾಕಬೇಕು ಎಂದು ಅವನು ರಾಗ ತೆಗೆದ. ಗಂಡ ಒಪ್ಪಲಿಲ್ಲ. "ನೋಡದೆ ದುಡ್ಡು ಕೊಡೋಕೆ ನಾವು ಮನೆ ಹುಡುಕ್ತಿದೀವೋ, ಲಾಟರಿ ತಗೋತಿದೀವೋ?" ಎಂದ. ಕೊಡುವುದಿಲ್ಲ ಎಂದು ಬರೆದಿದ್ದೇ ತಡ, ಮಾಲೀಕನೂ ಇಲ್ಲ, ಮನೆಯ ಫೋಟೋಗಳೂ ಇಲ್ಲ. ಕಳ್ಳ ಎಂದು ಎಲ್ಲರೂ ಬೈದರು. ಗಂಡನಿಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಯಿತು. ದುಡ್ಡು ಕೊಡಲಿಲ್ಲ, ಹಾಗಾಗಿ ಏನೂ ಕಳೆದುಕೊಳ್ಳಲಿಲ್ಲ ಎಂದು ಮಗಳೂ ಸೇರಿ ಮನೆಯ ನಾಲ್ವರೂ ನಂಬಿದರು. ಚೀಟಿಯ ನೆನಪು ಯಾರಿಗೂ ಬರಲಿಲ್ಲ.

ಕೆಲವು ವಾರಗಳಾದ ಮೇಲೆ, ಒಂದು ರಜಾದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಬಾಗಿಲು ಬಡಿದ ಸದ್ದಾಯಿತು. ಸೊಸೆ ಎಡಗೈಯಲ್ಲಿ ಚಿಲಕ ತೆಗೆದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಒಬ್ಬ ಗಂಡಸು, ಅವನ ಹಿಂದೆ ಹೆಂಡತಿ. ಅವನು ಬೇಕರಿಯ ಒಲೆಯ ಮುಂದೆ ಕೆಲಸ ಮಾಡುವವನೆಂದು ಆಮೇಲೆ ತಿಳಿಯಿತು. ಅವನು ಫೋನು ನೋಡಿದ, ಅವಳ ಮುಖ ನೋಡಿದ, ಮತ್ತೆ ಫೋನು ನೋಡಿದ.

"ನೀವೇ ಅಲ್ವಾ?"

"ಯಾರು ಬೇಕಿತ್ತು?"

"ಬೀಗದ ಕೈ ಬೇಕಿತ್ತು. ಸಾಮಾನು ಕೆಳಗೆ ಗಾಡೀಲಿದೆ."

ಅವನು ಫೋನು ತಿರುಗಿಸಿ ಹಿಡಿದ. ಪರದೆಯಲ್ಲಿ ಅವಳೇ ಇದ್ದಳು. ಲ್ಯಾಬಿನ ಕಿಟಕಿಯ ಬೆಳಕು, ಮುಖದ ಪಕ್ಕ ಚೀಟಿ, ಆ ಚೂರು ನಗು. ಮನೆಯ ಒಡತಿ ಇವರು, ನಂಬಿಕೆಗೆ ಇವರ ಗುರುತಿನ ಚೀಟಿ ನೋಡಿ ಎಂದು ಕೆಳಗೆ ಬರೆದಿತ್ತು. ಮುಂಗಡ ಕಟ್ಟಿ, ಇದ್ದ ಮನೆ ಬಿಟ್ಟು, ಹಳದಿ ಗೇಟಿನ ಮುಂದೆ ಹೋಗಿ ನಿಂತಾಗ ಒಳಗಿನಿಂದ ಒಬ್ಬ ಮುದುಕ ಬಂದು, ಇದು ನನ್ನ ಮನೆ, ಬಾಡಿಗೆಗೆ ಕೊಟ್ಟವರಾರು ಎಂದು ಕೇಳಿದನಂತೆ. ಚೀಟಿಯಲ್ಲಿ ವಿಳಾಸ ಇತ್ತಲ್ಲ, ಗಾಡಿ ಇತ್ತ ತಿರುಗಿಸಿದ್ದರು.

ಸೊಸೆ, ತಾನಲ್ಲ, ತನ್ನ ಫೋಟೋ ಯಾರೋ ಬಳಸಿದ್ದಾರೆ ಎಂದಳು. ಗಂಡ ಎದ್ದು ಬಂದು ದನಿ ಏರಿಸಿದ. ಬೇಕರಿಯವನೂ ಏರಿಸಿದ. ಕೆಳಗಿನ ಮಹಡಿಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಬೇಕರಿಯವನ ಹೆಂಡತಿ ಮಾತ್ರ ಗೋಡೆಗೊರಗಿ ನಿಂತಿದ್ದಳು. ಸೊಸೆ ಅವಳಿಗೆ ನೀರು ತಂದು ಕೊಟ್ಟಳು. ಅವಳು ಲೋಟ ಮುಟ್ಟಲಿಲ್ಲ.

ಎರಡೂ ಕಡೆಯ ಗಂಡಹೆಂಡಿರು ಒಂದೇ ಗಾಡಿಯಲ್ಲಿ ಠಾಣೆಗೆ ಹೋದರು, ಸಾಮಾನಿನ ಜೊತೆಗೇ. ಅಲ್ಲಿನ ಅಧಿಕಾರಿ ಬೇಸತ್ತ ಮುಖದ ಒಬ್ಬ ಹೆಂಗಸು. ಇಂಥ ದೂರುಗಳನ್ನು ಬೇಕಾದಷ್ಟು ಕಂಡವಳು. ಎರಡೂ ಕಡೆಯ ಮಾತು ಕೇಳಿ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಕಾರ್ಡಿನ ಜೆರಾಕ್ಸ್ ಯಾರು ಬೇಕಾದ್ರೂ ಕದೀಬಹುದು. ಆದ್ರೆ ಇದನ್ನ ನೀವೇ ಹಿಡ್ಕೊಂಡು ನಗ್ತಿದೀರಲ್ಲಮ್ಮ."

ಸೊಸೆ ತನಗೂ ಆ ಕಳ್ಳನಿಗೂ ನಡೆದ ಮೆಸೇಜುಗಳನ್ನು ತೋರಿಸಿದಳು. ಪುಣ್ಯಕ್ಕೆ ಅಳಿಸಿರಲಿಲ್ಲ. ಅಧಿಕಾರಿ ಅದನ್ನೆಲ್ಲ ತೆಗೆದಿಟ್ಟುಕೊಂಡು, ಇವಳ ಹೆಸರಿನಲ್ಲೂ ಒಂದು ದೂರು ಬರೆಸಿಕೊಂಡಳು. ಬ್ಯಾಂಕಿಗೆ ತಿಳಿಸಿ, ನಿಮ್ಮ ಹೆಸರಲ್ಲಿ ಬೇರೆ ಸಿಮ್ಮು, ಸಾಲ ಏನಾದರೂ ಎದ್ದಿದೆಯಾ ವಿಚಾರಿಸಿ, ಮತ್ತೆ ಯಾರಾದರೂ ಬಂದರೆ ದೂರಿನ ಪ್ರತಿ ತೋರಿಸಿ ಎಂದಳು. ಮತ್ತೆ ಯಾರಾದರೂ ಬಂದರೆ ಎಂಬ ಮಾತು ಸೊಸೆಯ ತಲೆಯಲ್ಲಿ ಕೂತುಬಿಟ್ಟಿತು.

ಅಂದಿನಿಂದ ಮನೆಯಲ್ಲಿ ನೆಮ್ಮದಿಯ ಊಟವಿಲ್ಲ. ಮೆಟ್ಟಿಲಲ್ಲಿ ಅಪರಿಚಿತ ಹೆಜ್ಜೆ ಕೇಳಿದರೆ ಸೊಸೆ ಬೇಳೆ ಬಡಿಸುತ್ತಿದ್ದ ಸೌಟನ್ನು ಗಾಳಿಯಲ್ಲೇ ನಿಲ್ಲಿಸುತ್ತಿದ್ದಳು. ಹೆಜ್ಜೆ ಮೂರನೇ ಮಹಡಿಯಲ್ಲಿ ನಿಂತರೆ ಬಡಿಸುತ್ತಿದ್ದಳು. ಗಂಡನಿಗೆ ಸಿಟ್ಟು ಇಳಿಯಲಿಲ್ಲ.

"ಯಾರಂತ ಗೊತ್ತಿಲ್ಲದವನಿಗೆ ಮುಖ ಕಳಿಸೋ ಮುಂಚೆ ನನ್ನ ಒಂದು ಮಾತು ಕೇಳಬಾರದಿತ್ತಾ?"

"ಫೋನ್ ಮಾಡಿದ್ದೆ. ನೀವು ಯಾವುದೋ ಲಿಫ್ಟಿನ ಮೇಲೆ ನಿಂತಿದ್ರಿ."

"ಹಾಗಂತ ಕಳಿಸೋದಾ?"

"ಮನೆ ಬೇಕಾಗಿದ್ದು ಯಾರಿಗೆ ರೀ?"

ಅತ್ತೆ ತಟ್ಟೆಯನ್ನು ಮೆಲ್ಲಗೆ ಸರಿಸಿದರು. ತನಗೆ ಯಾವ ಮನೆಯೂ ಬೇಡ, ಟ್ಯಾಂಕು ಚೆನ್ನಾಗಿಯೇ ಇದೆ ಎಂದರು. ಆ ಮಾತಿನಿಂದ ಜಗಳ ನಿಲ್ಲುವ ಬದಲು ಎಲ್ಲರ ಹೊಟ್ಟೆಯೊಳಗೆ ಇಳಿಯಿತು.

ಮಗಳನ್ನು ಮನೆಯವರು ಗುಬ್ಬಿ ಎಂದೇ ಕರೆಯುತ್ತಿದ್ದರು, ಕಾಲೇಜು ಸೇರಿದ ಮೇಲೂ. ಅವಳು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಶುರುಮಾಡಿದಳು. "ಕಾರ್ಡು ಕೊಡಲೇಬೇಕು ಅಂದ್ರೆ ನಂಬರಿನ ಮೇಲೆ ಕಾಗದ ಇಟ್ಟು ಮುಚ್ಚಬೇಕು ಅಮ್ಮ. ಕಾಪಿ ಮೇಲೆ ಅಡ್ಡಕ್ಕೆ ಯಾರಿಗೆ, ಯಾತಕ್ಕೆ, ಯಾವತ್ತು ಅಂತ ಬರೀಬೇಕು. ಆಗ ಬೇರೆ ಕಡೆ ಅದು ನಡೆಯೋಲ್ಲ. ಮನೆ ನೋಡೋಕೆ ಮುಂಚೆ ಕಾರ್ಡು ಕೇಳಿದ್ರೆ ಕೊಡಲೇಬಾರದು."

"ಇಷ್ಟೆಲ್ಲ ಗೊತ್ತಿದ್ದೋಳು ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಅತ್ತೆ ಮೂಲೆಯಿಂದ, ಇದನ್ನೆಲ್ಲ ನೀನು ಎಲ್ಲಿ ಕಲಿತೆ ಎಂದು ವಿಚಾರಿಸಿದರು. ಗುಬ್ಬಿ ಕಾಲೇಜಿನಲ್ಲಿ ಎಂದಳು. ಯಾವ ಪಾಠದಲ್ಲಿ ಎಂದು ಅತ್ತೆ ಬಿಡಲಿಲ್ಲ. ಗುಬ್ಬಿಯ ಕಿವಿ ಕೆಂಪಾಯಿತು. ರಜೆಯಲ್ಲಿ ಮನೆಯಿಂದಲೇ ಟೈಪಿಂಗ್ ಕೆಲಸ ಕೊಡುತ್ತೇವೆ ಎಂದ ಒಂದು ವೆಬ್‌ಸೈಟಿಗೆ ಅವಳೂ ತನ್ನ ಚೀಟಿ ಕಳಿಸಿದ್ದಳು. ಕೆಲಸ ಬರಲಿಲ್ಲ. ಹೆದರಿ ಹುಡುಕಿದಾಗ ಈ ಪಾಠ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ.

ಗಂಡ ತಲೆಯ ಮೇಲೆ ಕೈಯಿಟ್ಟುಕೊಂಡ. ಈ ಮನೆಯಲ್ಲಿ ತಲೆ ನೆಟ್ಟಗಿರುವುದು ತನ್ನದೊಂದೇ ಎಂದ. ಆಗ ಸೊಸೆ, ಲಿಫ್ಟು ನೋಡಲು ಹೋದ ಕಟ್ಟಡಗಳ ಗೇಟಿನಲ್ಲೆಲ್ಲ ಅವನು ಬಿಟ್ಟು ಬಂದಿರುವ ಜೆರಾಕ್ಸುಗಳು ಈಗ ಎಲ್ಲಿವೆ ಎಂದು ಕೇಳಿದಳು. ಅವನು ಲೆಕ್ಕ ಹಾಕುವವನಂತೆ ಚಾವಣಿ ನೋಡಿದ. ಮಾರನೆಯ ದಿನ ಗುಬ್ಬಿಯನ್ನೂ ಠಾಣೆಗೆ ಕರೆದುಕೊಂಡು ಹೋದರು. ಬ್ಯಾಂಕಿನಲ್ಲಿ ಮೂರು ಜನರದ್ದೂ ಹೇಳಿ ಬಂದರು.

ಆ ವಾರವೇ ಲ್ಯಾಬಿನಲ್ಲಿ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತು ತೋಳು ಚಾಚಿದ್ದಳು. ಸೊಸೆ ಪಟ್ಟಿ ಬಿಗಿದು, ಬೆರಳಿಂದ ನರ ತಟ್ಟುತ್ತಿದ್ದಾಗ ಆ ಹೆಂಗಸು ಅವಳ ಮುಖವನ್ನೇ ನೋಡತೊಡಗಿದಳು. ಬಾಡಿಗೆ ಮನೆ ಮೋಸದವರ ಬಗ್ಗೆ ಎಚ್ಚರಿಕೆ ಎಂದು ಇವಳ ಫೋಟೋ ಊರಿನವರ ಫೋನುಗಳಲ್ಲಿ ಓಡಾಡುತ್ತಿತ್ತು. ಹೆಂಗಸು ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟು, ತೋಳಿನ ಬಟ್ಟೆ ಇಳಿಸಿಕೊಂಡು, ಬೇರೆಯವರು ಇದ್ದರೆ ಕಳಿಸಿ ಎಂದಳು. ಲ್ಯಾಬಿನ ಯಜಮಾನ ದೂರಿನ ಪ್ರತಿ ನೋಡಿ, ನಂಬಿ, ಆದರೂ ಗಲಾಟೆ ತಣ್ಣಗಾಗುವ ತನಕ ಒಳಗೆ ಶೀಶೆಗಳಿಗೆ ಚೀಟಿ ಅಂಟಿಸುವ ಕೆಲಸ ನೋಡಿಕೋ ಎಂದ. ಅವಳು ದಿನವಿಡೀ ಗೋಡೆಗೆ ಮುಖ ಮಾಡಿ ಕೂತು ಬೇರೆಯವರ ಹೆಸರುಗಳನ್ನು ಅಂಟಿಸಿದಳು.

ಮನೆಗೆ ಬಂದು ಇದನ್ನು ಹೇಳುವಾಗ ಅವಳು ಅಳಲಿಲ್ಲ. ಈರುಳ್ಳಿ ಹೆಚ್ಚುತ್ತ, ಯಾರದೋ ಸುದ್ದಿ ಎನ್ನುವಂತೆ ಹೇಳಿದಳು. ಅತ್ತೆ ಕೇಳಿಸಿಕೊಂಡು ಗುಬ್ಬಿಯನ್ನು ಬಾಲ್ಕನಿಗೆ ಕರೆದರು. ಆ ಹಳದಿ ಗೇಟು ಮತ್ತೆ ಎಲ್ಲಾದರೂ ಇದೆಯಾ ಹುಡುಕು ಎಂದರು. ಗುಬ್ಬಿ ಒಂದೆರಡು ದಿನ ಜಾಲಾಡಿದಳು. ಬೇರೊಂದು ವೆಬ್‌ಸೈಟಿನಲ್ಲಿ, ಬೇರೆ ನಂಬರಿನ ಕೆಳಗೆ, ಅದೇ ಗೇಟು ಸಿಕ್ಕಿತು.

ಸಂಜೆ ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಅತ್ತೆ ಫೋನಿನಲ್ಲಿದ್ದರು. ಸ್ಪೀಕರು ಹಾಕಿತ್ತು. ಗುಬ್ಬಿ ತುಟಿಯ ಮೇಲೆ ಬೆರಳಿಟ್ಟು ಅಮ್ಮನನ್ನು ತಡೆದಳು. ಅತ್ತೆಯ ದನಿ ಬೇರೆಯೇ ಆಗಿತ್ತು. ನುಣುಪಾಗಿ, ಆತುರವಿಲ್ಲದೆ, ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕೂತಂತೆ. ಮಂಡಿ ನೋವಿನ ಮುದುಕಿ ತಾನು, ನೆಲಮಹಡಿ ಬೇಕಿತ್ತು ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನ ಮಾತೂ ಬಹಳ ಮರ್ಯಾದೆಯದು. ಭಾನುವಾರ ಬೆಳಗ್ಗೆ ಒಬ್ಬರು ಸಾಮಾನು ತಂದೇ ಬಿಡುತ್ತಾರೆ, ನೀವು ಇವತ್ತೇ ಮುಂಗಡ ಹಾಕಿದರೆ ಅವರಿಗೆ ಬೇರೆ ಮನೆ ತೋರಿಸುತ್ತೇನೆ ಎಂದ.

"ಮನೆ ಯಾರ ಹೆಸರಲ್ಲಿದೆಯಪ್ಪಾ?"

"ನನ್ನ ಹೆಂಡತಿ ಹೆಸರಲ್ಲಿದೆಯಮ್ಮ. ಅನುಮಾನ ಬೇಡ, ಅವಳ ಕಾರ್ಡು ಕಳಿಸ್ತೀನಿ ನೋಡಿ."

ಫೋನು ಟಿಣ್ ಎಂದಿತು. ಸೊಸೆಯ ನಗುಮುಖ ಅತ್ತೆಯ ಅಂಗೈಗೆ ಬಂದು ಕೂತಿತು. ಅತ್ತೆ ಆ ಫೋಟೋವನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಕೆಲಸದ ಬಟ್ಟೆಯಲ್ಲಿ, ಊಟದ ವೇಳೆಯಲ್ಲಿ, ತನ್ನ ಮಂಡಿಗಾಗಿ ಒಬ್ಬ ಅಪರಿಚಿತನನ್ನು ನೋಡಿ ನಗುತ್ತಿದ್ದ ಹುಡುಗಿ.

"ಬಂತಾ ಅಮ್ಮ?"

"ಬಂತು. ಲಕ್ಷಣವಾಗಿದ್ದಾಳೆ. ಇವಳು ನಿನ್ನ ಹೆಂಡತೀನಾ?"

"ಹೌದಮ್ಮ."

"ನನಗೆ ಇವಳು ಸೊಸೆ."

ಆ ಕಡೆ ಫೋನು ಕಟ್ಟಾಯಿತು. ಗುಬ್ಬಿ ನಕ್ಕುಬಿಟ್ಟಳು. ರಾತ್ರಿ ಊಟಕ್ಕೆ ಬಂದ ಮಗನಿಗೆ ವಿಷಯ ತಿಳಿದು ಅವನು ತಾಯಿಯ ಮೇಲೆ ರೇಗಿದ. ಮಾತಾಡಿಸುತ್ತಲೇ ಇದ್ದಿದ್ದರೆ ಠಾಣೆಯವರಿಗೆ ಹಿಡಿಯಲು ಆಗುತ್ತಿತ್ತು, ಈಗ ಆ ನಂಬರು ಸತ್ತಿತು ಎಂದ. ನಿಜವೂ ಆಗಿತ್ತು. ಅತ್ತೆ, ತಡೆಯಲಾಗಲಿಲ್ಲ ಎಂದಷ್ಟೇ ಹೇಳಿದರು. ಠಾಣೆಗೆ ಫೋನು ಮಾಡಿದರೆ ಹೊಸ ನಂಬರು ಬರೆದುಕೊಂಡು, ಭಾನುವಾರ ಯಾರನ್ನಾದರೂ ಆ ಕಡೆ ಕಳಿಸಲು ನೋಡುತ್ತೇವೆ ಎಂದರು.

ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಭಾನುವಾರ ನಾನು ಹೋಗಿ ಆ ಗೇಟಿನ ಹತ್ತಿರ ನಿಲ್ತೀನಿ."

"ಹುಚ್ಚಾ ನಿನಗೆ? ಅವರು ಹೊಡೆದ್ರೆ?"

"ಇಲ್ಲಿ ಕೂತ್ರೆ ಹೊಡೆಯೋಕೆ ಇಲ್ಲಿಗೇ ಬರ್ತಾರೆ. ವಿಳಾಸ ಕಾರ್ಡಲ್ಲಿದೆ."

"ಪೊಲೀಸ್ನೋರು ನೋಡ್ಕೋತಾರೆ ಬಿಡು."

"ಅವರು ಬಂದ್ರೆ ಒಳ್ಳೇದಾಯ್ತು. ಸಾಮಾನು ತರೋರು ನನ್ನ ಮುಖ ನೋಡಿ ಬರ್ತಿದಾರೆ ರೀ. ಬಂದೋರಿಗೆ ನಾನೇ ಹೇಳಬೇಕು."

ಅತ್ತೆ ಮಗನ ಕಡೆ ತಿರುಗಿ, ನೀನೂ ಜೊತೆಗೆ ಹೋಗು ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಭಾನುವಾರ ಬಿಸಿಲೇರುವ ಮೊದಲೇ ಗಂಡಹೆಂಡತಿ ಅಲ್ಲಿಗೆ ಹೋದರು. ಫೋಟೋದಲ್ಲಿದ್ದಷ್ಟು ಹಳದಿ ಇರಲಿಲ್ಲ ಗೇಟು. ಅದರ ಮೇಲೆ 'ಈ ಮನೆ ಬಾಡಿಗೆಗಿಲ್ಲ' ಎಂದು ಬಣ್ಣದಲ್ಲಿ ಬರೆದಿತ್ತು. ಮುದುಕ ಇವಳ ಮುಖ ಕಂಡವನೇ ನೀರಿನ ಪೈಪನ್ನು ಎತ್ತಿ ಹಿಡಿದು, ಹತ್ತಿರ ಬಂದರೆ ಜಾಗ್ರತೆ ಎಂದ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ದೂರಿನ ಪ್ರತಿ ತೋರಿಸಿ ಸಮಾಧಾನ ಮಾಡುವಷ್ಟರಲ್ಲಿ ಗಂಡನ ಅಂಗಿ ಅರ್ಧ ಒದ್ದೆಯಾಗಿತ್ತು. ಆಮೇಲೆ ಮುದುಕ ಒಂದು ಕುರ್ಚಿ ತಂದು ಹಾಕಿದ. ಅವಳು ಕೂರಲಿಲ್ಲ. ಠಾಣೆಯಿಂದ ಯಾರೂ ಬಂದಿರಲಿಲ್ಲ. ಬೀದಿಯ ತುದಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹಾಲಿನ ಗಾಡಿ ಹೋಯಿತು. ಕಸದ ಗಾಡಿ ಹೋಯಿತು.

ಕೊನೆಗೆ ಬಂದದ್ದು ಒಂದು ಸಣ್ಣ ಸಾಮಾನು ಗಾಡಿ. ಹಿಂದೆ ಹಾಸಿಗೆಯ ಸುರುಳಿ, ಎರಡು ಪೆಟ್ಟಿಗೆ, ಹಗ್ಗ ಬಿಗಿದ ಹೊಲಿಗೆ ಮಿಷನ್ನು. ಡ್ರೈವರನ ಪಕ್ಕದಿಂದ ಒಬ್ಬ ವಯಸ್ಸಾದ ಹೆಂಗಸು ಇಳಿದಳು. ಒಂಟಿ ಹೆಂಗಸು, ದರ್ಜಿ. ಸೊಸೆಯನ್ನು ಕಂಡದ್ದೇ ಅವಳ ಮುಖ ಅರಳಿತು. ನೇರ ಬಂದು ಎರಡೂ ಕೈ ಹಿಡಿದುಕೊಂಡಳು.

"ನೀವೇ ಬಂದುಬಿಟ್ರಾ? ಎಷ್ಟೋ ಮನೆ ನೋಡ್ದೆ, ಒಂಟಿಯವಳು ಅಂತ ಯಾರೂ ಕೊಡಲಿಲ್ಲ. ನಿಮ್ಮ ಫೋಟೋ ನೋಡಿದ ಮೇಲೇ ನಂಗೆ ಧೈರ್ಯ ಬಂದಿದ್ದು."

ಬೈಗುಳಕ್ಕೆ, ಏಟಿಗೆ ಸಿದ್ಧಳಾಗಿ ನಿಂತಿದ್ದ ಸೊಸೆಗೆ ಹಿಡಿದ ಕೈಗಳನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ. ಬೀದಿಯಾಚೆ ನಿಂತಿದ್ದ ಗಂಡ ಒಂದು ಹೆಜ್ಜೆ ಮುಂದಿಟ್ಟ. ಅವಳು ತಲೆಯಾಡಿಸಿ ಅವನನ್ನು ಅಲ್ಲೇ ನಿಲ್ಲಿಸಿದಳು.

"ಮುಖ ನನ್ನದೇ ಅಮ್ಮ," ಎಂದಳು. "ಮನೆ ನನ್ನದಲ್ಲ."

ದರ್ಜಿ ಹೆಂಗಸಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಗೇಟಿನ ಮೇಲಿನ ಬರಹ ಓದಿದಳು, ಮುದುಕನನ್ನು ನೋಡಿದಳು, ಒದ್ದೆ ಅಂಗಿಯ ಗಂಡಸನ್ನು ನೋಡಿದಳು. ಆಮೇಲೆ ಕೈ ಬಿಟ್ಟು, ಗಾಡಿಯ ಅಂಚಿನ ಮೇಲೆ ಕೂತಳು. ಸೊಸೆ ಅವಳೆದುರು ನಿಂತು ಮೊದಲಿನಿಂದ ಎಲ್ಲ ಹೇಳಿದಳು, ಕಿಟಕಿಯ ಬೆಳಕಿನಲ್ಲಿ ನಕ್ಕದ್ದನ್ನೂ ಬಿಡದೆ. ಮುಂಗಡ ಯಾವಾಗ ಹಾಕಿದಿರಿ ಎಂದು ಕೇಳಿದಾಗ, ಅರ್ಧ ಹೋದ ವಾರ, ಉಳಿದದ್ದು ಈಗ ಹೊರಡುವ ಮುಂಚೆ ಎಂದು ಅವಳು ಹೇಳಿದಳು. ಈಗಲಾದರೆ ದುಡ್ಡು ತಡೆಯಬಹುದೇನೋ, ತಕ್ಷಣ ಫೋನು ಮಾಡಬೇಕು ಎಂದು ಸೊಸೆ ಆತುರಪಡಿಸಿದಳು. ಠಾಣೆಯಲ್ಲಿ ಕೊಟ್ಟಿದ್ದ, ಇಂಥ ಮೋಸದ ದೂರು ಹೇಳುವ ಸಹಾಯವಾಣಿಯ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಒತ್ತಿ ಕೊಟ್ಟಳು.

ಆ ಕಡೆಯವರು ಹೆಸರು, ಬ್ಯಾಂಕು, ಎಲ್ಲ ಕೇಳಿದರು. ಕೊನೆಗೆ ಗುರುತಿನ ಚೀಟಿಯ ನಂಬರು ಹೇಳಿ ಎಂದರು. ದರ್ಜಿ ಹೆಂಗಸು ಎದೆಯ ಹತ್ತಿರದ ಪರ್ಸಿನಿಂದ ಚೀಟಿ ತೆಗೆದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಕನ್ನಡಕ ಪೆಟ್ಟಿಗೆಯೊಳಗೆ ಸೇರಿತ್ತು. ಅವಳು ಸುತ್ತ ನೋಡಿದಳು. ಮುದುಕನಿದ್ದ, ಡ್ರೈವರನಿದ್ದ. ಚೀಟಿಯನ್ನು ಸೊಸೆಯ ಕೈಗೆ ಕೊಟ್ಟಳು.

"ನೀವೇ ಓದಿ ಹೇಳಿ."

ಸೊಸೆ ಚೀಟಿ ಹಿಡಿದು ಬೀದಿಗೆ ಬೆನ್ನು ಮಾಡಿ, ಫೋನಿಗೆ ಬಾಯಿ ಹತ್ತಿರ ತಂದು, ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಮೆಲ್ಲಗೆ ಒಂದೊಂದೇ ಅಂಕಿ ಓದಿದಳು. ಓದಿ ಮುಗಿಸಿ, ಚೀಟಿಯನ್ನು ಮಗುಚಿ ಆ ಹೆಂಗಸಿನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಿಸಿದಳು.